ತಾತನ ಮಡಚೋ ಕ್ಯಾಮೆರಾ ಶೋಕೇಸಿಗೆ ಅಲ್ಲ, ಕೈಗೆ

ಪ್ರಶ್ನೆ: ನಮ್ದು ಸಕಲೇಶಪುರದ ಹತ್ರ ಒಂದು ಹಳ್ಳಿ. ಅಟ್ಟ ಕ್ಲೀನ್ ಮಾಡೋವಾಗ ತಾತನ ಟ್ರಂಕಲ್ಲಿ ಒಂದು ಮಡಚೋ ಕ್ಯಾಮೆರಾ ಸಿಕ್ತು. ಝೈಸ್ ಇಕಾನ್, ನೆಟ್ಟಾರ್ ಅಂತ ಬರೆದಿದೆ, ಲೆನ್ಸ್ ಸುತ್ತ ನೋವಾರ್ 75 ಎಂಎಂ, 4.5, ಪ್ರೊಂಟಾರ್-ಎಸ್ ಅಂತ ಇದೆ. ಹಿಂದೆ ಕೆಂಪು ಕಿಟಕಿ ಮುಚ್ಚಳ ಸರಿಸಿದ್ರೆ 7 ಅಂತ ನಂಬರ್ ಕಾಣುತ್ತೆ. ಹಾಸನದಲ್ಲಿ ಒಂದು ಸ್ಟುಡಿಯೋದಲ್ಲಿ ಕೇಳಿದ್ರೆ "ಇದಕ್ಕೆ ಈಗ ರೀಲೇ ಬರಲ್ಲ, ಶೋಕೇಸಲ್ಲಿ ಇಟ್ಬಿಡಿ" ಅಂದ್ರು. ನಂಗೆ ಇದ್ರಲ್ಲೇ ಅಜ್ಜಿ ಫೋಟೋ ತೆಗೀಬೇಕು, ಕಾಫಿ ಹೂ ಬಿಟ್ಟಾಗ ತೋಟದ್ದೂ ತೆಗೀಬೇಕು ಅಂತ ಆಸೆ. ಆಗುತ್ತಾ? ಮಳೆಗಾಲದಲ್ಲಿ ಹೆಂಗೆ ಕಾಪಾಡೋದು?

ಉತ್ತರ: ಆಗುತ್ತೆ, ಖಂಡಿತ ಆಗುತ್ತೆ. ಆದ್ರೆ ಅದಕ್ಕೂ ಮುಂಚೆ ಅರ್ಜೆಂಟಾಗಿ ಒಂದು ಮಾತು ಹೇಳ್ಬೇಕು. ಇನ್ನೂ ಹಿಂದಿನ ಬಾಗ್ಲು ತೆಗ್ದಿಲ್ಲ ಅಂದ್ರೆ ದಯವಿಟ್ಟು ತೆಗೀಬೇಡಿ. ಕಿಟಕಿಯಲ್ಲಿ 7 ಕಾಣ್ತಿದೆ ಅಂದ್ರೆ ಒಳಗೆ ರೀಲ್ ಇದೆ, ಅದ್ರಲ್ಲಿ ನಿಮ್ ತಾತ ಆರು ಫೋಟೋ ತೆಗ್ದು ಏಳನೇದಕ್ಕೆ ಸುತ್ತಿಟ್ಟಿದ್ದಾರೆ, ಇಲ್ಲಾ ಏಳನೇದೂ ತೆಗ್ದಿದ್ದಾರೆ. ಬಾಗ್ಲು ತೆಗ್ದ್ರೆ ಅಷ್ಟೂ ಒಂದೇ ಕ್ಷಣಕ್ಕೆ ಹೋಗ್ಬಿಡುತ್ತೆ. ಕಿಟಕಿಯ ಮುಚ್ಚಳ ಮುಚ್ಚಿ, ಕ್ಯಾಮೆರಾನ ಮಡಚಿದ ಹಾಗೇ ಇಡಿ. ಮುಂದೆ ಬಿಚ್ಚಿ ನೋಡ್ಬೇಡಿ, ಯಾಕಂದ್ರೆ ಬೆಲ್ಲೋಸಲ್ಲಿ, ಅಂದ್ರೆ ಲೆನ್ಸಿನ ಹಿಂದೆ ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆಯಾಗಿರೋ ಕಪ್ಪು ಭಾಗದಲ್ಲಿ, ತೂತಿದ್ರೆ ಏಳನೇ ಫ್ರೇಮಿಗೆ ಬೆಳಕು ಬೀಳುತ್ತೆ. ಉಳಿದ ಐದು ಫ್ರೇಮಲ್ಲಿ ನಾವೇ ಫೋಟೋ ತೆಗೆಯೋಣ ಅನ್ನೋ ಆಸೆನೂ ಬೇಡ. ಅಷ್ಟು ವರ್ಷದ ಫಿಲ್ಮು ಮಂಕಾಗಿರುತ್ತೆ, ನಿಮ್ ಹೊಸ ಫೋಟೋಗೆ ಅದು ನ್ಯಾಯ ಒದಗಿಸಲ್ಲ, ಜೊತೆಗೆ ತೆಗೆದಿರೋದಕ್ಕೂ ಅಪಾಯ.

ಮಾಡ್ಬೇಕಾದ್ದು ಇಷ್ಟು. ರಾತ್ರಿ ಹೊತ್ತು ಮಬ್ಬು ಬೆಳಕಲ್ಲಿ ಕೂತ್ಕೊಂಡು ಮೇಲಿನ ಸುತ್ತೋ ಕೀನ ನಿಧಾನ, ತುಂಬಾ ನಿಧಾನ ತಿರುಗಿಸಿ. ಹಳೇ ಫಿಲ್ಮು ಒಣಗಿ ಗರಿಗರಿಯಾಗಿರುತ್ತೆ, ಜೋರಾಗಿ ಎಳೆದ್ರೆ ಸೀಳುತ್ತೆ ಇಲ್ಲಾ ಅದರ ಹಿಂದಿರೋ ಪೇಪರಿಗೆ ಅಂಟಿಸಿರೋ ಟೇಪ್ ಬಿಟ್ಕೊಳ್ಳುತ್ತೆ. 12 ದಾಟಿದ ಮೇಲೂ ಸುತ್ತುತ್ತಾ ಹೋಗಿ, ಆಮೇಲೆ ಒಂದು ಕಡೆ ಕೀ ಪೂರ್ತಿ ಹಗುರ ಆಗುತ್ತೆ, ಅಲ್ಲಿಗೆ ಪೇಪರ್ ಎಲ್ಲಾ ಆ ಕಡೆ ಸ್ಪೂಲಿಗೆ (ರೀಲ್ ಸುತ್ತಿಕೊಳ್ಳೋ ಉರುಳೆಗೆ) ಹೋಯ್ತು ಅಂತ ಅರ್ಥ. ಮಧ್ಯದಲ್ಲೇ ಬಿಗಿ ಅನ್ಸಿದ್ರೆ ಬಲವಂತ ಮಾಡ್ಬೇಡಿ, ಅಲ್ಲೇ ನಿಲ್ಸಿ, ಕ್ಯಾಮೆರಾ ಸಮೇತ ಡೆವಲಪ್ ಮಾಡೋರಿಗೆ ಕೊಡಿ. ಸಲೀಸಾಗಿ ಸುತ್ತಿದ್ರೂ ಬಾಗ್ಲು ತೆಗೆಯೋದು ಪೂರ್ತಿ ಕತ್ತಲೆಯಲ್ಲೇ, ಕಿಟಕಿಗೆ ಕಂಬಳಿ ಹಾಕಿ, ಬಾಗ್ಲ ಸಂದಿಗೆ ಟವೆಲ್ ಕೊಟ್ಟು. ರೀಲ್ ಸಡಿಲ ಬಿಡದ ಹಾಗೆ ಬಿಗಿಯಾಗಿ ಹಿಡ್ಕೊಂಡು ಅಂಟಿಸಿ, ಅಲ್ಯುಮಿನಿಯಂ ಫಾಯಿಲಲ್ಲಿ ಸುತ್ತಿ, ಮೇಲೆ ಕಪ್ಪು ಪ್ಲಾಸ್ಟಿಕ್ ಕವರ್ ಹಾಕಿ.

ಈಗ ಇದನ್ನ ಯಾರ ಹತ್ರ ತೊಳೆಸೋದು? ಮಾಮೂಲಿ ಕಲರ್ ಲ್ಯಾಬಿಗೆ ಸುಮ್ನೆ ಕೊಟ್ಬಿಡ್ಬೇಡಿ. ಬೆಂಗಳೂರಲ್ಲಿ ಇವತ್ತಿಗೂ ಫಿಲ್ಮ್ ಡೆವಲಪ್ ಮಾಡೋರು ಇದ್ದಾರೆ, ಅವರಿಗೆ ಮೊದ್ಲು ಫೋನ್ ಮಾಡಿ "ದಶಕಗಳ ಹಿಂದಿನ ರೀಲು, ಯಾವ್ದು ಅಂತ ಗೊತ್ತಿಲ್ಲ" ಅಂತ ಬಿಡಿಸಿ ಹೇಳಿ. ನಮ್ ಕಡೆ ಆಗ ಓಡ್ತಿದ್ದಿದ್ದು ಹೆಚ್ಚಾಗಿ ಕಪ್ಪು ಬಿಳುಪು. ಪೂರ್ವ ಜರ್ಮನಿಯ ಓರ್ವೋ ಇರ್ಬೋದು, ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ಇರ್ಬೋದು. ಇವಕ್ಕೆ ಎಚ್‌ಸಿ-110 ಥರದ, ಫಾಗ್ (ಹಳೇ ಫಿಲ್ಮಿನ ಮಂಕು) ಕಮ್ಮಿ ಬರೋ ಡೆವಲಪರ್ ಒಳ್ಳೇದು. ಅಕಸ್ಮಾತ್ ಹಳೇ ಕಲರ್ ರೀಲ್ ಆಗಿದ್ರೆ ಇನ್ನೂ ಹುಷಾರಾಗಿರ್ಬೇಕು. ಈಗಿನ ಕಲರ್ ಪ್ರೋಸೆಸ್ ಆದ ಸಿ-41 ಬಂದಿದ್ದೇ 1972ರಲ್ಲಿ, ಅದಕ್ಕೆ ಮುಂಚೆ ಇದ್ದಿದ್ದು ಸಿ-22, ಅದು ತಣ್ಣಗಿನ ಪ್ರೋಸೆಸ್ಸು. ಆ ಕಾಲದ ಫಿಲ್ಮನ್ನ ಈಗಿನ 38 ಡಿಗ್ರಿ ಬಿಸಿಗೆ ಹಾಕಿದ್ರೆ ಮೇಲಿನ ಪದರವೇ ಎದ್ದು ಬರ್ಬೋದು, ಹಾಗಾಗಿ ಅದನ್ನೂ ಕಪ್ಪು ಬಿಳುಪು ಕೆಮಿಕಲ್ಲಲ್ಲೇ ತೊಳೀಬೇಕು. ಚಿತ್ರ ಬಂದೇ ಬರುತ್ತೆ ಅಂತ ನಾನು ಮಾತು ಕೊಡಲ್ಲ, ಆದ್ರೆ ದಶಕಗಳ ನಂತರ ಮುಖ ಗುರುತು ಹಿಡಿಯೋ ಹಾಗೆ ಚಿತ್ರ ಬಂದಿರೋದು ಎಷ್ಟೋ ಇದೆ, ಪ್ರಯತ್ನ ಮಾಡದೇ ಇರೋದು ತಪ್ಪು. ಇನ್ನೊಂದು, ಖಾಲಿ ಸ್ಪೂಲನ್ನ ವಾಪಸ್ ಕೇಳಿ ಇಸ್ಕೊಳ್ಳಿ. ಈ ಕ್ಯಾಮೆರಾದಲ್ಲಿ ಹೊಸ ರೀಲ್ ಒಂದು ಕಡೆ, ಖಾಲಿ ಸ್ಪೂಲ್ ಇನ್ನೊಂದು ಕಡೆ ಇರ್ಲೇಬೇಕು.

ಇನ್ನು ಸ್ಟುಡಿಯೋದವ್ರು ಹೇಳಿದ್ದು. ರೀಲ್ ಬರಲ್ಲ ಅನ್ನೋದು ನಿಜ ಅಲ್ಲ. ನಿಮ್ ಕ್ಯಾಮೆರಾ ಕೇಳೋದು 120 ಅನ್ನೋ ಸೈಜು. 1901ರಲ್ಲಿ ಕೊಡಾಕ್ ತಂದ ಸೈಜದು, ಇವತ್ತಿಗೂ ತಯಾರಾಗ್ತಿದೆ, ನಮ್ ಮನೆಗಳಲ್ಲಿದ್ದ ಅಗ್ಫಾ ಕ್ಲಿಕ್ ತ್ರೀಗೂ ಇದೇ ರೀಲ್ ಹಾಕ್ತಿದ್ದಿದ್ದು. ಇಲ್ಫೋರ್ಡ್ ಎಚ್‌ಪಿ5, ಎಫ್‌ಪಿ4, ಫೋಮಾ, ಕೊಡಾಕ್ ಟ್ರೈ-ಎಕ್ಸ್, ಕಲರಲ್ಲಿ ಕೊಡಾಕ್ ಗೋಲ್ಡ್ 200, ಎಲ್ಲಾ ಆನ್‌ಲೈನಲ್ಲಿ ಸಿಗುತ್ತೆ. ಮಡಚೋ ಕ್ಯಾಮೆರಾ ಕೊಳ್ಳೋ ಯೋಚನೆ ಇರೋ ಬೇರೆಯವರೂ ಇದನ್ನ ಗಮನಿಸಿ, ಹಳೇ ಕೊಡಾಕ್ ಮಾಡೆಲ್ ಬಹಳಷ್ಟಕ್ಕೆ 620 ರೀಲ್ ಬೇಕು. ಫಿಲ್ಮು ಅದೇ ಅಗಲ, ಸ್ಪೂಲ್ ಮಾತ್ರ ಸಣ್ಣ, ಆದ್ರೆ ಆ ಸೈಜು 1995ಕ್ಕೇ ನಿಂತೋಯ್ತು, ಕತ್ತಲೆಯಲ್ಲಿ 120ನ ಬಿಚ್ಚಿ 620 ಸ್ಪೂಲಿಗೆ ಸುತ್ತೋ ಕಷ್ಟ ಮೊದಲ ಸಲಕ್ಕೆ ಬೇಡ. ನಿಮ್ ನೆಟ್ಟಾರಿಗೆ ಆ ತಲೆನೋವಿಲ್ಲ. ಒಂದು ರೀಲಿಗೆ 12 ಫೋಟೋ, ಒಂದೊಂದು ನೆಗೆಟಿವ್ 56 ಎಂಎಂ ಚೌಕ. ಮಾಮೂಲಿ 35 ಎಂಎಂ ನೆಗೆಟಿವ್‌ಗಿಂತ ಮೂರೂವರೆ ಪಟ್ಟು ದೊಡ್ಡದು. ಅಷ್ಟು ದೊಡ್ಡ ನೆಗೆಟಿವ್ ಕೊಡೋ ಕ್ಯಾಮೆರಾ ಜೇಬಲ್ಲಿ ಹಿಡಿಯುತ್ತೆ ಅನ್ನೋದೇ ಇದರ ದೊಡ್ಡಸ್ತಿಕೆ.

ಹಳೇ ರೀಲ್ ತೆಗ್ದಾದ್ಮೇಲೆ ಕ್ಯಾಮೆರಾನ ಚೆಕ್ ಮಾಡಿ. ಮೊದ್ಲು ಬೆಲ್ಲೋಸು. ಕತ್ತಲೆ ಕೋಣೆಯಲ್ಲಿ ಹಿಂದಿನ ಬಾಗ್ಲು ತೆಗ್ದು, ಚಿಕ್ಕ ಎಲ್‌ಇಡಿ ಟಾರ್ಚನ್ನ ಒಳಗಿಟ್ಟು, ಹೊರಗಿಂದ ನೋಡಿ. ಮಡಿಕೆಯ ಮೂಲೆಗಳಲ್ಲಿ ನಕ್ಷತ್ರದ ಹಾಗೆ ಚುಕ್ಕಿ ಹೊಳೆದ್ರೆ ಅಲ್ಲಿ ತೂತಿದೆ. ಎಲ್ಲಾ ಕಡೆಯಿಂದ್ಲೂ ತಿರುಗಿಸಿ ನೋಡ್ಬೇಕು, ಕೆಲವು ತೂತು ಒಂದೇ ಕೋನದಲ್ಲಿ ಕಾಣುತ್ತೆ. ಝೈಸಿನ ಬೆಲ್ಲೋಸು ಸಾಮಾನ್ಯವಾಗಿ ಗಟ್ಟಿ, ಎಪ್ಪತ್ತು ವರ್ಷ ಆದ್ರೂ ಬೆಳಕು ಬಿಡದೇ ಇರೋದು ಬೇಕಾದಷ್ಟಿದೆ. ಅದೇ ಕಾಲದ ಅಗ್ಫಾ ಐಸೊಲೆಟ್ ಆಗಿದ್ರೆ ನಾನು ನೋಡದೇನೇ ತೂತಿದೆ ಅಂತಿದ್ದೆ, ಅದರ ಬೆಲ್ಲೋಸ್ ಸಾಮಾಗ್ರಿ ಅಷ್ಟು ಕಳಪೆ. ಅಷ್ಟೇ ಅಲ್ಲ, ಅಗ್ಫಾದಲ್ಲಿ ಫೋಕಸ್ ರಿಂಗಿಗೆ ಹಾಕಿರೋ ಹಸಿರು ಗ್ರೀಸ್ ಗಟ್ಟಿಯಾಗಿ ರಿಂಗ್ ತಿರುಗೋದೇ ಇಲ್ಲ. ಒಂದೆರಡು ಸಣ್ಣ ತೂತಿದ್ರೆ ಬಟ್ಟೆಗೆ ಹಾಕೋ ಕಪ್ಪು ಫ್ಯಾಬ್ರಿಕ್ ಪೇಂಟನ್ನ ತೆಳ್ಳಗೆ ಹಚ್ಚಿ, ಬೆಲ್ಲೋಸ್ ಬಿಚ್ಚಿಟ್ಟೇ ಪೂರ್ತಿ ಒಣಗಿಸಿದ್ರೆ ಸದ್ಯಕ್ಕೆ ಸಾಕು. ದಪ್ಪ ಹಚ್ಚಿದ್ರೆ ಮಡಚೋವಾಗ ಅಂಟಿಕೊಂಡು ಮುಂದಿನ ಸಲ ಬಿಚ್ಚಿದಾಗ ಹರಿಯುತ್ತೆ. ಚರ್ಮ ಮೆತ್ತಗಾಗ್ಲಿ ಅಂತ ತೆಂಗಿನೆಣ್ಣೆ, ಶೂ ಪಾಲಿಶ್ ಏನೂ ಹಚ್ಚೋಕೆ ಹೋಗ್ಬೇಡಿ. ನಮ್ ಹವೆಗೆ ಎಣ್ಣೆ ಹಚ್ಚಿದ ಚರ್ಮದ ಮೇಲೆ ಬೂಸ್ಟು ಕೂರೋದು ಗ್ಯಾರಂಟಿ.

ಆಮೇಲೆ ಶಟರ್. ಪ್ರೊಂಟಾರ್-ಎಸ್ ಒಳ್ಳೇ ಶಟರು, 1 ಸೆಕೆಂಡಿಂದ ಮೇಲಕ್ಕೆ 1/300 ತನಕ ಇರುತ್ತೆ. ಸ್ಪೀಡ್ ಮೊದ್ಲು ಸೆಟ್ ಮಾಡಿ, ಆಮೇಲೆ ಲೆನ್ಸ್ ಮೇಲಿನ ಲಿವರ್ ಎಳೆದು ಕಾಕ್ ಮಾಡಿ (ಅಂದ್ರೆ ಶಟರ್ ಸ್ಪ್ರಿಂಗಿಗೆ ಬಿಗುವು ಕೊಡಿ), ಆಮೇಲೆ ಒತ್ತಿ. ಅದರಲ್ಲಿರೋ ಸೆಲ್ಫ್ ಟೈಮರ್ ಲಿವರನ್ನ ಮಾತ್ರ ಮುಟ್ಟಬೇಡಿ, ಹಳೇ ಶಟರಲ್ಲಿ ಮೊದ್ಲು ಕೈ ಕೊಡೋದೇ ಅದು, ಮಧ್ಯದಲ್ಲಿ ನಿಂತ್ರೆ ಶಟರೇ ಲಾಕ್ ಆಗುತ್ತೆ. ಬೇಗದ ಸ್ಪೀಡು ಸಾಮಾನ್ಯವಾಗಿ ಓಡ್ತಿರುತ್ತೆ, 1 ಸೆಕೆಂಡ್, 1/2, 1/5 ಇವೇ ಎಳೆಯೋದು, ಯಾಕಂದ್ರೆ ಇವನ್ನ ನಡೆಸೋದು ಒಳಗಿರೋ ಸಣ್ಣ ಹಲ್ಲಿನ ಚಕ್ರಗಳ ಸೆಟ್ಟು, ಅದರ ಹಳೇ ಎಣ್ಣೆ ಗೋಂದಾಗಿರುತ್ತೆ. ರೀಲ್ ಹಾಕದೇ ಒಂದೊಂದು ಸ್ಪೀಡಲ್ಲೂ ಸುಮಾರು ಸಲ ಓಡ್ಸಿ, ಅರ್ಧ ಸಮಸ್ಯೆ ಓಡ್ಸಿದ್ರೇ ಸರಿಹೋಗುತ್ತೆ. ಅಳತೆ ಬೇಕು ಅಂದ್ರೆ ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೀರಿ. ಸೆಕೆಂಡಿಗೆ 240 ಫ್ರೇಮ್ ಇದ್ರೆ 1/25ರಲ್ಲಿ ಶಟರ್ ಸುಮಾರು ಹತ್ತು ಫ್ರೇಮ್ ತೆರೆದಿರ್ಬೇಕು, ಇಪ್ಪತ್ತು ಕಂಡ್ರೆ ಡಬಲ್ ಬೆಳಕು ಬೀಳ್ತಿದೆ ಅಂತ ಲೆಕ್ಕ. ಆದ್ರೂ ಗಾಬರಿ ಬೇಡ, ಬಿಸಿಲಲ್ಲಿ ನಮಗೆ ಬೇಕಾಗೋದು 1/50, 1/100 ಅಷ್ಟೇ.

ರಿಪೇರಿಗೆ ಕೊಡೋದಾದ್ರೆ ಕೊಡೋವಾಗ್ಲೇ ಕೇಳಿ, ಶಟರ್ ಎಲೆಗಳಿಗೆ ಎಣ್ಣೆ ಹಾಕ್ತೀರಾ ಅಂತ. ಹಾಕ್ತೀನಿ ಅಂದ್ರೆ ಕ್ಯಾಮೆರಾ ವಾಪಸ್ ತಗೊಂಡು ಬನ್ನಿ. ಆ ಎಲೆಗಳು ಒಣಗಿದ ಹಾಗೇ ಓಡ್ಬೇಕು, ಒಂದು ಹನಿ ಎಣ್ಣೆ ಬಿದ್ರೂ ಒಂದಕ್ಕೊಂದು ಅಂಟುತ್ತೆ. ಕೈ ಹದ ಇರೋ ವಾಚ್ ರಿಪೇರಿಯವ್ರು ಈ ಕೆಲಸ ಮಾಡಬಲ್ಲರು, ಲೈಟರ್ ಫ್ಲೂಯಿಡಲ್ಲಿ ತೊಳೆದು ಒಣಗಿಸೋದು ಮುಖ್ಯ ಭಾಗ, ಆದ್ರೆ ಕ್ಯಾಮೆರಾ ಶಟರ್ ಮುಂಚೆ ಬಿಚ್ಚಿದ್ದಾರಾ ಅಂತ ಕೇಳ್ಕೊಳ್ಳಿ.

ಲೆನ್ಸ್ ನೋಡೋದು ಸುಲಭ. ಬಿ ಸೆಟ್ಟಿಂಗಲ್ಲಿ (ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತೆ) ಶಟರ್ ತೆರೆದಿಟ್ಟು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಥರ ಎಳೆ ಎಳೆ ಕಂಡ್ರೆ ಫಂಗಸ್, ಹೊಗೆ ಥರ ಮಬ್ಬಿದ್ರೆ ಹೇಝ್. ನೋವಾರ್ ಮೂರೇ ಗಾಜಿನ ಲೆನ್ಸು, ಮುಂದಿನ ಗಾಜು ಬಿಚ್ಚಿ ಕ್ಲೀನ್ ಮಾಡೋದು ಮೆಕಾನಿಕ್ಕಿಗೆ ಕಷ್ಟ ಅಲ್ಲ. ನೀವೇ ಬಿಚ್ಚೋಕೆ ಹೋಗ್ಬೇಡಿ. ಫೋಕಸ್ ಮಾಡೋದೂ ಅದೇ ಮುಂದಿನ ಗಾಜು ತಿರುಗೋದ್ರಿಂದ, ಅದನ್ನ ವಾಪಸ್ ಹಾಕೋವಾಗ ಒಂದು ಸುತ್ತು ಹೆಚ್ಚು ಕಮ್ಮಿ ಆದ್ರೂ ದೂರದ್ದು ಯಾವತ್ತೂ ಶಾರ್ಪ್ ಬರಲ್ಲ. ಸರಿ ಇದ್ಯಾ ಅಂತ ಪರೀಕ್ಷೆ ಮಾಡೋ ದಾರಿ ಇದೆ. ಹಿಂದಿನ ಬಾಗ್ಲು ತೆಗ್ದು, ಫಿಲ್ಮ್ ಕೂರೋ ಪಟ್ಟಿಗಳ ಮೇಲೆ ಟ್ರೇಸಿಂಗ್ ಪೇಪರನ್ನ ಬಿಗಿಯಾಗಿ ಟೇಪಲ್ಲಿ ಅಂಟಿಸಿ, ಬಿ ಹಾಕಿ ಕೇಬಲ್ ರಿಲೀಸಿಂದ (ಶಟರ್ ಒತ್ತೋಕೆ ಸಿಕ್ಕಿಸೋ ತಂತಿ) ಶಟರ್ ತೆರೆದು, ದೂರದ ಬೆಟ್ಟದ ಅಂಚಿಗೆ ಹಿಡೀರಿ. ತಲೆಗೆ ಟವೆಲ್ ಹೊದ್ಕೊಂಡ್ರೆ ಪೇಪರ್ ಮೇಲೆ ಬೆಟ್ಟ ತಲೆಕೆಳಗಾಗಿ ಕಾಣುತ್ತೆ. ದೂರದ ಗುರುತಲ್ಲಿ ಅಂಚು ಚೂಪಾಗಿರ್ಬೇಕು, ಎಡ ಬಲ ಎರಡೂ ಕಡೆ ಒಂದೇ ಥರ ಇರ್ಬೇಕು. ಒಂದು ಕಡೆ ಮಂಜಾಗಿದ್ರೆ ಮುಂದಿನ ಲೆನ್ಸ್ ಬೋರ್ಡ್ ಓರೆ ನಿಂತಿದೆ, ಯಾರೋ ಯಾವಾಗ್ಲೋ ಬೀಳ್ಸಿದ್ದಾರೆ ಅಂತ ಅರ್ಥ.

ಈಗ ಬಳಸೋ ವಿಷ್ಯ. ಮಡಚೋ ಕ್ಯಾಮೆರಾದಲ್ಲಿ ಫೋಟೋ ಕೆಡೋದು ಹಳೇದಾಯ್ತು ಅಂತಲ್ಲ, ಕೆಲಸದ ಕ್ರಮ ತಪ್ಪಿದ್ರೆ. ಹಾಗಾಗಿ ಈ ಕ್ರಮವನ್ನ ಕೈಗೆ ರೂಢಿ ಮಾಡಿಸ್ಕೊಳ್ಳಿ, ಖಾಲಿ ಕ್ಯಾಮೆರಾದಲ್ಲೇ. ಬಟನ್ ಒತ್ತಿ ಮುಂದಿನ ಬಾಗ್ಲನ್ನ ಒಂದು ಕೈಯಲ್ಲಿ ತಡೆದು ನಿಧಾನಕ್ಕೆ ಇಳಿಸಿ, ಪಟ್ ಅಂತ ಹಾರೋಕೆ ಬಿಡ್ಬೇಡಿ. ಹಾರಿದ್ರೆ ಒಳಗೆ ಗಾಳಿ ಎಳೆತ ಆಗಿ ಫಿಲ್ಮು ತನ್ನ ಜಾಗ ಬಿಟ್ಟು ಮುಂದಕ್ಕೆ ಉಬ್ಬುತ್ತೆ, ಫೋಟೋ ಮಧ್ಯದಲ್ಲಿ ಮಂಜಾಗುತ್ತೆ. ಇದೇ ಕಾರಣಕ್ಕೆ ಫಿಲ್ಮ್ ಸುತ್ತೋದು ಕ್ಯಾಮೆರಾ ಬಿಚ್ಚಿದ ಮೇಲೆ, ಫೋಟೋ ತೆಗೆಯೋಕೆ ಸ್ವಲ್ಪ ಮುಂಚೆ. ತೆಗೆದ ತಕ್ಷಣ ಸುತ್ತಿಟ್ಟು ಮಡಚಿದ್ರೆ ಫಿಲ್ಮ್ ಸಡಿಲ ಆಗುತ್ತೆ. ಸುತ್ತಿದ ಮೇಲೆ ದೂರ, ಅಪರ್ಚರ್ (ಲೆನ್ಸ್ ಎಷ್ಟು ಅಗಲ ತೆರೆದಿರುತ್ತೆ ಅಂತ ಹೇಳೋ ಎಫ್ ನಂಬರ್), ಸ್ಪೀಡ್, ಕಾಕ್, ಕೊನೆಗೆ ಉಸಿರು ಬಿಗಿಹಿಡಿದು ಬಟನ್. ನಿಮ್ ಮಾಡೆಲಲ್ಲಿ ಸುತ್ತದೇ ಎರಡನೇ ಸಲ ಬಟನ್ ಒತ್ತೋಕೆ ಆಗದ ಹಾಗೆ ಲಾಕ್ ಇರುತ್ತೆ, ಬಟನ್ ಹೋಗ್ತಿಲ್ಲ ಅಂದ್ರೆ ಕೆಟ್ಟಿದೆ ಅಂದ್ಕೊಂಡು ಒತ್ತಬೇಡಿ, ಸುತ್ತಿಲ್ಲ ಅಷ್ಟೇ.

ರೀಲ್ ಹಾಕೋದು ನೆರಳಲ್ಲಿ. ಪೇಪರಿನ ತುದಿಯನ್ನ ಖಾಲಿ ಸ್ಪೂಲಿನ ಸೀಳಿಗೆ ನೇರವಾಗಿ ತೂರಿಸಿ, ಒಂದೆರಡು ಸುತ್ತು ಸುತ್ತಿ, ಎರಡೂ ಅಂಚು ಸಮ ಹೋಗ್ತಿದ್ಯಾ ನೋಡಿ ಬಾಗ್ಲು ಮುಚ್ಚಿ. ಆಮೇಲೆ ಕೆಂಪು ಕಿಟಕಿಯಲ್ಲಿ 1 ಬರೋ ತನಕ ಸುತ್ತಿ. ಈ ಕಿಟಕಿಗೆ ಕೆಂಪು ಯಾಕೆ ಅಂದ್ರೆ ಹಿಂದಿನ ಕಾಲದ ಎಷ್ಟೋ ಫಿಲ್ಮಿಗೆ ಕೆಂಪು ಬೆಳಕು ತಾಕ್ತಿರ್ಲಿಲ್ಲ. ಈಗಿನ ಫಿಲ್ಮ್ ಎಲ್ಲಾ ಬಣ್ಣಕ್ಕೂ ಸ್ಪಂದಿಸುತ್ತೆ, ಕೆಂಪಿಗೂ. ಅದಕ್ಕೆ ನಂಬರ್ ನೋಡೋವಾಗ ಮಾತ್ರ ಮುಚ್ಚಳ ತೆಗ್ದು, ಅದೂ ನಿಮ್ ಮೈ ನೆರಳಲ್ಲಿ, ನೋಡಿದ ತಕ್ಷಣ ಮುಚ್ಚಿ. ರೀಲ್ ಮುಗಿದಾಗ ತೆಗೆಯೋದೂ ನೆರಳಲ್ಲೇ, ಸಡಿಲ ಬಿಡದೇ ಬಿಗಿಯಾಗಿ ಹಿಡಿದು ಅಂಟುಪೇಪರ್ ಹಚ್ಚಿ. ಸಡಿಲ ಸುತ್ತಿದ ರೀಲಿಗೆ ಅಂಚಿಂದ ಬೆಳಕು ನುಗ್ಗುತ್ತೆ.

ಫೋಕಸ್ ಅಂದಾಜಲ್ಲಿ ಮಾಡ್ಬೇಕು, ನೆಟ್ಟಾರಲ್ಲಿ ದೂರ ಅಳೆಯೋ ವ್ಯವಸ್ಥೆ ಇಲ್ಲ. ಇದಕ್ಕೆ ಹೆದರೋರೇ ಜಾಸ್ತಿ. ಆದ್ರೆ 75 ಎಂಎಂ ಲೆನ್ಸಲ್ಲಿ ಎಫ್11 ಇಟ್ಟು 10 ಮೀಟರಿಗೆ ಫೋಕಸ್ ಮಾಡಿದ್ರೆ 5 ಮೀಟರಿಂದ ದೂರದ ದಿಗಂತದ ತನಕ ಎಲ್ಲಾ ಶಾರ್ಪ್. ಎಫ್16ರಲ್ಲಿ 7 ಮೀಟರಿಗೆ ಇಟ್ರೆ ಮೂರೂವರೆ ಮೀಟರಿಂದಾನೇ ಶುರು. ಝೈಸಿನವ್ರು ಇದನ್ನೇ ಸುಲಭ ಮಾಡೋಕೆ ದೂರದ ಸ್ಕೇಲಲ್ಲೊಂದು, ಅಪರ್ಚರ್ ಸ್ಕೇಲಲ್ಲೊಂದು ಕೆಂಪು ಚುಕ್ಕೆ ಇಟ್ಟಿದ್ದಾರೆ, ಎರಡನ್ನೂ ಗುರುತಿಗೆ ತಂದ್ರೆ ಹೊರಗಡೆ ಫೋಟೋಗೆ ಬಹುಪಾಲು ಅಷ್ಟೇ ಸಾಕು. ಶೆಟ್ಟಿಹಳ್ಳಿ ಚರ್ಚು, ಮಂಜರಾಬಾದ್ ಕೋಟೆ, ಹಳೇಬೀಡು ಗುಡಿಯ ಹೊರಗೋಡೆ, ಇಂಥ ಕಡೆ ನೀವು ಫೋಕಸ್ ಮುಟ್ಟೋದೇ ಬೇಡ. ಬೇಲೂರು ಹಳೇಬೀಡು ಗುಡಿ ಒಳಗೆ ಮಾತ್ರ ಇದನ್ನ ನಂಬ್ಕೋಬೇಡಿ, ಒಳಗೆ ಕತ್ತಲೆ, ಟ್ರೈಪಾಡಿಗೆ ಪುರಾತತ್ವ ಇಲಾಖೆ ಪರ್ಮಿಷನ್ ಬೇಕು, ಕೈಯಲ್ಲಿ ಹಿಡಿದು ತೆಗೆದ್ರೆ ಅಲುಗಾಡುತ್ತೆ.

ಬೆಳಕಿನ ಲೆಕ್ಕಕ್ಕೆ ಮೊಬೈಲಲ್ಲಿ ಲೈಟ್ ಮೀಟರ್ ಆ್ಯಪ್ ಹಾಕ್ಕೊಳ್ಳಿ, ಫ್ರೀ ಸಿಗುತ್ತೆ. ಅದಿಲ್ಲದಿದ್ರೂ ಹಳೇ ಸೂತ್ರ ಇದೆ, ಚೆನ್ನಾಗಿ ಬಿಸಿಲಿದ್ದಾಗ ಎಫ್16 ಇಟ್ಟು, ಸ್ಪೀಡು ಫಿಲ್ಮಿನ ಐಎಸ್‌ಒಗೆ (ಬೆಳಕಿಗೆ ಎಷ್ಟು ಚುರುಕು ಅನ್ನೋ ನಂಬರ್) ಹತ್ರ ಇರೋದು. ಎಫ್‌ಪಿ4 ಅಂದ್ರೆ 125, ನಿಮ್ ಶಟರಲ್ಲಿ 1/100 ಇಡಿ, ಸರಿಹೋಯ್ತು. ಅರಸೀಕೆರೆ, ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಕಡೆ ಬಯಲಲ್ಲಿ ಹಗಲು ಹೊತ್ತು ತೆಗೆಯೋದಾದ್ರೆ ನಂಗೆ ಇದೇ ಫಿಲ್ಮ್ ಇಷ್ಟ, ಆ ಬಿಸಿಲಿಗೆ 400 ಫಿಲ್ಮ್ ಜಾಸ್ತಿ ಆಗುತ್ತೆ. ನಿಮಗೆ ಬೇಕಿರೋದು ಮನೆ ಜಗಲಿ, ಮರದ ನೆರಳಿನ ತೋಟ. ಅದಕ್ಕೆ ಎಚ್‌ಪಿ5 400 ತಗೊಳ್ಳಿ.

ಅಜ್ಜಿ ಫೋಟೋ ಬಗ್ಗೆ ಬಿಡಿಸಿ ಹೇಳ್ತೀನಿ. ಬಿಸಿಲಲ್ಲಿ ಕೂರಿಸ್ಬೇಡಿ, ಕಣ್ಣು ಕಿರಿದು ಮಾಡ್ತಾರೆ, ಕಣ್ಣ ಕೆಳಗೆ ನೆರಳು ಬೀಳುತ್ತೆ. ಬೆಳಗ್ಗೆ ಜಗಲಿಯಲ್ಲಿ, ಅಂಗಳದ ಬೆಳಕು ಮುಖಕ್ಕೆ ಬೀಳೋ ಹಾಗೆ ಕೂರಿಸಿ. ಟೈಲರ್ ಟೇಪ್ ಇದ್ಯಲ್ಲ, ಅದನ್ನ ಎರಡು ತಗೊಂಡು ಜೋಡಿಸಿ, ಲೆನ್ಸಿಂದ ಅವರ ಕಣ್ಣಿನ ತನಕ ಸರಿಯಾಗಿ 2 ಮೀಟರ್ ಅಳೀರಿ. ನೀವು ನಿಲ್ಲೋ ಜಾಗಕ್ಕೆ ಒಂದು ಚಪ್ಪಲಿನೋ ಕಲ್ಲೋ ಇಟ್ಟು ಗುರುತು ಮಾಡಿ. ಎಫ್8 ಇಟ್ರೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಆಳ ಶಾರ್ಪ್ ಸಿಗುತ್ತೆ, ಅವ್ರು ಸ್ವಲ್ಪ ಮುಂದೆ ಬಾಗಿದ್ರೂ ನಡೆಯುತ್ತೆ. ಹಿನ್ನೆಲೆ ಮಂಜಾಗ್ಲಿ ಅಂತ 4.5 ಇಟ್ಟು ಒಂದೂವರೆ ಮೀಟರಿಗೆ ಹೋದ್ರೆ ಶಾರ್ಪ್ ಸಿಗೋದು ಒಂದು ಗೇಣಿಗಿಂತ ಕಮ್ಮಿ, ಅಂದಾಜು ತಪ್ಪಿದ್ರೆ ಕಣ್ಣು ಬಿಟ್ಟು ಕಿವಿ ಶಾರ್ಪ್ ಬರುತ್ತೆ. ಎಚ್‌ಪಿ5ರಲ್ಲಿ ಜಗಲಿ ಬೆಳಕಿಗೆ ಎಫ್8, 1/100 ಸಾಮಾನ್ಯವಾಗಿ ಸರಿ. ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಡಬಲ್ ಬೆಳಕು, ಬಿದ್ರೂ ನೆಗೆಟಿವ್ ತಡ್ಕೊಳ್ಳುತ್ತೆ, ಕಮ್ಮಿ ಬಿದ್ರೆ ನೆರಳಿನ ಭಾಗ ಖಾಲಿ ಖಾಲಿ. ಇನ್ನೊಂದು ಗಮನಿಸಿ, ನೀವು ನೋಡೋ ಕಿಂಡಿ ಲೆನ್ಸಿಗಿಂತ ಮೇಲಿದೆ, ಹತ್ರದ ಫೋಟೋದಲ್ಲಿ ತಲೆ ಮೇಲೆ ಸ್ವಲ್ಪ ಜಾಗ ಬಿಟ್ಟೇ ಫ್ರೇಮ್ ಮಾಡಿ, ಇಲ್ಲಾಂದ್ರೆ ಅಜ್ಜಿ ತಲೆ ಮೇಲ್ಭಾಗ ಕಟ್ ಆಗುತ್ತೆ. ಈ ಕ್ಯಾಮೆರಾ ಹತ್ರಹತ್ರ ಶಬ್ದವೇ ಮಾಡಲ್ಲ, ಸಣ್ಣ ಟಿಕ್ ಅಷ್ಟೇ, ಹಾಗಾಗಿ "ಆಯ್ತು ಅಜ್ಜಿ" ಅಂದ ಮೇಲೆ ಅವ್ರು ಮೈ ಸಡಿಲ ಬಿಟ್ಟಾಗ ಇನ್ನೊಂದು ತೆಗೀರಿ. ನನ್ನ ಅನುಭವದಲ್ಲಿ ವಯಸ್ಸಾದವರ ಒಳ್ಳೇ ಫೋಟೋ ಬರೋದು ಆ ಎರಡನೇದ್ರಲ್ಲಿ.

ಕಾಫಿ ಹೂವಿಗೆ ನಿಮಗೆ ಸಿಗೋದು ಕಮ್ಮಿ ದಿನ. ಹೂ ಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಅರಳುತ್ತೆ, ಎರಡು ಮೂರು ದಿನದಲ್ಲಿ ಬಾಡೋಕೆ ಶುರು. ಮಳೆ ಬಿದ್ದ ದಿನವೇ ರೀಲ್ ರೆಡಿ ಇಟ್ಕೊಳ್ಳಿ. ಹೂವಿನ ಗೊಂಚಲಿನ ಕ್ಲೋಸಪ್ ಇದ್ರಲ್ಲಿ ಆಗಲ್ಲ, ಒಂದು ಮೀಟರಿಗಿಂತ ಹತ್ರ ಫೋಕಸ್ ಹೋಗಲ್ಲ, ಅದು ಮೊಬೈಲಲ್ಲೇ ತಗೊಳ್ಳಿ. ಈ ಕ್ಯಾಮೆರಾ ಮಾಡೋದು ಬೇರೆ ಕೆಲಸ. ಇಳಿಜಾರಿನ ಸಾಲು ಸಾಲು ಗಿಡ, ಮೇಲೆ ಸಿಲ್ವರ್ ಓಕಿನ ಕಂಬ, ಮಧ್ಯೆ ನಡ್ಕೊಂಡು ಬರೋ ಒಬ್ರು, ಇಂಥ ಅಗಲದ ನೋಟಕ್ಕೆ ದೊಡ್ಡ ನೆಗೆಟಿವ್ ಒಂದೊಂದು ಎಲೆನೂ ಬಿಡಿಸಿ ತೋರ್ಸುತ್ತೆ. ಬಿಸಿಲು ಏರಿದ್ಮೇಲೆ ತೋಟದೊಳಗೆ ಬೆಳಕು ಚುಕ್ಕೆ ಚುಕ್ಕೆ ಬಿದ್ದು ಬಿಳಿ ಹೂವು, ಬಿಸಿಲ ಚುಕ್ಕೆ ಎರಡೂ ಒಂದೇ ಥರ ಕಾಣುತ್ತೆ. ಮಂಜು ಇನ್ನೂ ಪೂರ್ತಿ ಕರಗದ ಬೆಳಗ್ಗೆ, ಇಲ್ಲಾ ಮೋಡ ಕಟ್ಟಿದಾಗ ತೆಗೀರಿ. ಎಫ್5.6, 1/100 ಇಲ್ಲಾ 1/50 ಬೇಕಾಗ್ಬೋದು, ಕೈ ಆನಿಸೋಕೆ ಒಂದು ಮರ ಹುಡ್ಕೊಳ್ಳಿ.

ತೊಳೆಯೋದನ್ನ ನೀವೇ ಕಲೀರಿ ಅಂತ ನನ್ನ ಸಲಹೆ, ಕಪ್ಪು ಬಿಳುಪು ಕಷ್ಟ ಅಲ್ಲ. 120 ಹಿಡಿಯೋ ಒಂದು ಟ್ಯಾಂಕು, ಚೇಂಜಿಂಗ್ ಬ್ಯಾಗು (ಕೈ ತೂರಿಸಿ ರೀಲ್ ಬಿಚ್ಚೋಕೆ ಬೆಳಕು ಹೋಗದ ಚೀಲ), ಥರ್ಮಾಮೀಟರ್, ಡೆವಲಪರ್, ಫಿಕ್ಸರ್, ಇಷ್ಟೇ. ಎಚ್‌ಪಿ5ನ 400ರಲ್ಲೇ ತೆಗೆದಿದ್ರೆ ಐಡಿ-11 ಅನ್ನೋ ಡೆವಲಪರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ, ಒಂದಕ್ಕೊಂದು ನೀರು ಬೆರೆಸಿದ್ರೆ 13 ನಿಮಿಷ. ಚಳಿಗಾಲದಲ್ಲಿ ನಿಮ್ ಕಡೆ ನಲ್ಲಿ ನೀರು ಹೆಚ್ಚು ಕಮ್ಮಿ ಅದೇ ಡಿಗ್ರಿಗೆ ಸಿಗುತ್ತೆ, ಏಪ್ರಿಲಲ್ಲಿ ಬಕೆಟ್ ನೀರಿಗೆ ಐಸ್ ಹಾಕಿ ಟ್ಯಾಂಕ್ ಅದ್ರಲ್ಲಿ ನಿಲ್ಲಿಸ್ಬೇಕು. ಲ್ಯಾಬಿಗೆ ಕಳಿಸೋದಾದ್ರೆ ಸ್ಕ್ಯಾನ್ ಜೊತೆ ನೆಗೆಟಿವ್ ವಾಪಸ್ ಬೇಕು ಅಂತ ಬರೆದು ಕೊಡಿ.

ಇನ್ನು ಮಳೆಗಾಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಕ್ಯಾಮೆರಾ ಹಾಳಾಗೋದು ಬಳಸಿ ಅಲ್ಲ, ಬಳಸದೇ ಎತ್ತಿಟ್ಟು. ಅದರ ಜೊತೆ ಬಂದಿರೋ ಚರ್ಮದ ಕೇಸ್ ಎಷ್ಟೇ ಚೆನ್ನಾಗಿದ್ರೂ ಅದ್ರೊಳಗೆ ಇಡ್ಬೇಡಿ, ಚರ್ಮ ಶೀತ ಹೀರ್ಕೊಂಡು ಕೂತಿರುತ್ತೆ, ಅಲ್ಲಿಂದಾನೇ ಲೆನ್ಸಿಗೆ ಫಂಗಸ್ ಹತ್ತೋದು. ಕೇಸನ್ನ ಬೇರೆ ಇಡಿ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಗೊಂಡು, ಬಣ್ಣ ಬದಲಾಗೋ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಹಾಕಿ, ಚಿಕ್ಕ ತೇವಾಂಶ ಮೀಟರ್ ಒಂದು ಒಳಗಿಡಿ. ಅದು 40ರಿಂದ 50ರ ಮಧ್ಯೆ ಇದ್ರೆ ಚೆನ್ನ, 60 ದಾಟೋಕೆ ಬಿಡ್ಬೇಡಿ, ತೀರಾ ಕೆಳಗೆ ಇಳಿದ್ರೂ ಬೆಲ್ಲೋಸ್ ಒಣಗಿ ಸೀಳುತ್ತೆ. ಜೆಲ್ ಬಣ್ಣ ತಿರುಗಿದಾಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ಕೆಲಸ ಮಾಡುತ್ತೆ, ಅಡುಗೆಗೆ ಬಳಸೋ ಪಾತ್ರೆ ಬೇಡ. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಯಾರಾದ್ರೂ ಹೇಳ್ತಾರೆ, ಅಕ್ಕಿ ಧೂಳು ಶಟರಿಗೆ ಹೋಗುತ್ತೆ. ಶಟರ್ ಕಾಕ್ ಮಾಡಿದ ಹಾಗೇ ಇಡ್ಬೇಡಿ, ಸ್ಪ್ರಿಂಗಿಗೆ ಬಿಗುವು ಬಿಟ್ಟಿರ್ಲಿ. ಹದಿನೈದು ದಿನಕ್ಕೊಂದ್ಸಲ, ಮಳೆ ಹೊಳವಾದ ದಿನ, ತೆಗ್ದು ಬಿಚ್ಚಿ, ಎಲ್ಲಾ ಸ್ಪೀಡಲ್ಲೂ ಓಡ್ಸಿ, ಗಾಳಿಯಾಡ್ಲಿ, ಮತ್ತೆ ಡಬ್ಬಿಗೆ.

ರೀಲ್ ಮಾತ್ರ ಮಳೆಗಾಲ ಪೂರ್ತಿ ಒಳಗೆ ಬಿಡ್ಬೇಡಿ. ಶೀತಕ್ಕೆ ಪೇಪರ್ ಫಿಲ್ಮಿಗೆ ಅಂಟ್ಕೊಂಡು ಅದರ ನಂಬರುಗಳ ಅಚ್ಚು ಚಿತ್ರದ ಮೇಲೆ ಬೀಳ್ಬೋದು. ಜೂನಿಗೆ ಮುಂಚೆ ಹಾಕಿರೋ 12 ಮುಗಿಸಿ ತೊಳೆಸ್ಬಿಡಿ, ಬಳಸದ ರೀಲುಗಳನ್ನ ಅದರ ಕವರ್ ಒಡೆಯದೇ ಫ್ರಿಜ್ಜಲ್ಲಿ ಇಟ್ಕೊಂಡು, ಹಾಕೋಕೆ ಮುಂಚೆ ಒಂದೆರಡು ಗಂಟೆ ಹೊರಗಿಟ್ಟು ಆಮೇಲೆ ಕವರ್ ಬಿಚ್ಚಿ.